ಹಿಮ್ಮಡಿಯ ಹೊನ್ನಗಂಟು

ಬಂದರು ರಸ್ತೆ, ಹೊನ್ನಾವರ
ಮೇ ೧೯೪೯

ಡಾಕ್ಟರ್ ವಾರಿಜಾಬಾಯಿಯವರಿಗೆ,

ಹಂಚಿನಂಗಡಿ ದುರ್ಗಪ್ಪನ ನಮಸ್ಕಾರ. ‘ಇಲ್ಲಿ ಎಲ್ಲರೂ ಕ್ಷೇಮ’ ಎಂದು ಕಾಗದ ಶುರುಮಾಡುವುದು ನಮ್ಮ ಕಡೆಯ ವಾಡಿಕೆ. ನಿಮಗೆ ಹಾಗೆ ಬರೆಯಲು ಧೈರ್ಯ ಸಾಲದು. ‘ಎಲ್ಲರೂ ಎಂದರೆ ಯಾರು ಯಾರು? ಅವರ ಅಪ್ಪ ಯಾರು, ಅವ್ವ ಯಾರು?’ ಎಂದು ಮರುಟಪಾಲಿಗೆ ಕೇಳುವವರು ನೀವು. ಹಾಗಾಗಿ ಕ್ಷೇಮದ ಸಮಾಚಾರವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ, ವಿವರ ಸಮೇತ.

ಎರಡು ವರ್ಷದ ಹಿಂದೆ ನೀವು ಲಾಂಚು ಹತ್ತುವಾಗ ನನ್ನನ್ನು ಒಂದು ಪ್ರಶ್ನೆಯ ಜೊತೆ ದಕ್ಕೆಯ ಮೇಲೆ ಬಿಟ್ಟು ಹೋದಿರಿ. ನನ್ನ ಮಗಳು ಬಂಗಾರಿಯನ್ನು ನನ್ನ ತಂಗಿಯ ಮಗ ರಮಾನಂದನಿಗೆ ಕೊಡುವುದೋ ಬಿಡುವುದೋ? ಆಮೇಲೆ ನಿಮ್ಮಿಂದ ಎರಡು ಕಾರ್ಡು ಬಂದವು. ಎರಡರಲ್ಲೂ ನನ್ನ ಎದೆನೋವನ್ನು ವಿಚಾರಿಸಿದಿರಿ, ಬಂಗಾರಿಯ ಮಾತು ಎತ್ತಲಿಲ್ಲ. ಕೇಳಬಾರದೆಂದು ತಡೆದುಕೊಂಡಿದ್ದೀರಿ ಎಂಬುದು ನನಗೆ ತಿಳಿಯಿತು. ಗಿರಾಕಿ ಯಾವುದರ ಬೆಲೆ ಕೇಳುವುದಿಲ್ಲವೋ ಅದರ ಮೇಲೆಯೇ ಅವನ ಕಣ್ಣಿರುತ್ತದೆ ಎಂದು ಅಂಗಡಿಯಲ್ಲಿ ಕೂತು ಕಲಿತವನು ನಾನು.

ಮೊದಲ ದಿನ ನೆನಪಿದೆಯೇ? ನಲವತ್ತಾರನೆಯ ಇಸವಿ, ಮಳೆ ಹಿಂದೆಗೆಯುವ ಹೊತ್ತು. ಮಂಗಳೂರಿನ ಹಂಚು ಬಂದು ಇಳಿಯುತ್ತಿತ್ತು. ಬಿಳಿ ಸೀರೆ, ಗಂಡಸರ ಕೊಡೆ, ಕ್ಯಾನ್ವಾಸ್ ಬೂಟು. ನಿಮ್ಮ ಹಿಂದೆ ಒಂದು ಮರದ ಪೆಟ್ಟಿಗೆಯನ್ನು ಹಸುಗೂಸಿನಂತೆ ಎದೆಗವುಚಿಕೊಂಡ ಪಾರ್ಸಿ, ಸೊರಾಬ್ ಸಾಹೇಬರು. ನನ್ನ ಲೆಕ್ಕದಲ್ಲಿ ನೀವು ಚಂದಾ ಕೇಳಲು ಬಂದವರು. ಆ ವರ್ಷ ಊರಿನಲ್ಲಿ ಚಂದಾದವರ ಸುಗ್ಗಿ. ‘ಯಾವ ಫಂಡು ತಾಯಿ?’ ಎಂದೆ. ನೀವು ನಿಮ್ಮ ಕೊಂಕಣಿ ಬೆರೆತ ಕುಮಟೆಯ ಕನ್ನಡದಲ್ಲಿ, ನಾಲ್ಕು ಜನ ಗಿರಾಕಿಗಳ ಮುಂದೆ, ‘ನಿಮ್ಮ ಹಿಮ್ಮಡಿ ಒಂದು ಸಲ ನೋಡಬೇಕಿತ್ತು’ ಎಂದಿರಿ. ಹಮಾಲಿ ಸುಬ್ಬನ ತಲೆಯ ಮೇಲಿಂದ ಹಂಚು ಜಾರಿ ಬಿದ್ದದ್ದು ಆಗಲೇ. ಆ ಹಂಚಿನ ಚೂರನ್ನು ಅವನು ಇವತ್ತಿಗೂ ಬರುವವರಿಗೆಲ್ಲ ತೋರಿಸುತ್ತಾನೆ.

ಹೆಂಗಸೊಬ್ಬಳು ಬೊಂಬಾಯಿಯಿಂದ ನನ್ನ ಹಿಮ್ಮಡಿ ನೋಡಲು ಏಕೆ ಬಂದಳು ಎಂಬುದಕ್ಕೆ ನೀವು ಒಂದೇ ಹೆಸರು ಹೇಳಿದಿರಿ: ಶುಕ್ರ. ನನ್ನ ಚಿಕ್ಕಪ್ಪನ ಮಗ, ಹಡಗಿನ ಕೆಲಸಕ್ಕೆ ಹೋದವನು. ನಿಮ್ಮ ಆಸ್ಪತ್ರೆಯ ವಾರ್ಡಿನಲ್ಲಿ ಎದೆ ಹಿಡಿದುಕೊಂಡು ತೀರಿಕೊಂಡಿದ್ದ. ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ. ಅವನ ಹಿಮ್ಮಡಿಯ ಮೇಲಿನ ನರದಲ್ಲಿ ಹಳದಿ ಗಂಟು ಕಂಡು ನೀವು ಕೇಳಿದ್ದಿರಂತೆ, ಇದು ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು. ‘ನಮ್ಮ ಮಾವಿನಕುರ್ವೆ ಮನೆಯಲ್ಲಿ ಭಾಳ ಜನಕ್ಕೆ ಇತ್ತು ಬಾಯಿ, ಅದು ಲಕ್ಷಣ’ ಎಂದನಂತೆ ಅವನು. ಆ ಒಂದು ಮಾತು ಹಿಡಿದುಕೊಂಡು ಸ್ಟೀಮರು, ಮೋಟಾರು, ದೋಣಿ ಹತ್ತಿ ಬಂದಿರಿ. ನನ್ನ ಕಡೆಯವರು ಬಾಕಿ ವಸೂಲಿಗೂ ಅಷ್ಟು ದೂರ ಹೋಗುವುದಿಲ್ಲ.

ಆ ಗಂಟಿಗೆ ನಮ್ಮ ಮನೆಯಲ್ಲಿ ಹೊನ್ನಗಂಟು ಎಂದು ಹೆಸರು. ನಿಮಗೆ ಗೊತ್ತಿರುವುದೇ, ಆದರೂ ಬರೆಯುತ್ತೇನೆ. ಈ ಕಾಗದ ಮುಂದೆ ಬಂಗಾರಿಯ ಮಕ್ಕಳ ಕೈಗೂ ಸಿಗಬೇಕು. ಹಿಮ್ಮಡಿಯ ಮೇಲೆ, ಬೆರಳ ಗೆಣ್ಣಿನ ಮೇಲೆ, ಅಡಿಕೆ ಹೋಳಿನಷ್ಟು ಗಟ್ಟಿಯಾಗಿ, ಚರ್ಮದಡಿಯಲ್ಲಿ ಹಳದಿ ಬಣ್ಣ. ಕೆಲವರಿಗೆ ಹದಿನಾರರ ಸುಮಾರಿಗೇ ಮೂಡುತ್ತದೆ, ಕೆಲವರಿಗೆ ತಡವಾಗಿ. ಅದು ಇದ್ದವರ ಕೈಯಲ್ಲಿ ಲಕ್ಷ್ಮಿ ನಿಲ್ಲುತ್ತಾಳೆಂದು ನಂಬಿಕೆ. ನನ್ನ ಅಜ್ಜಿ ಹೆಣ್ಣು ನೋಡಲು ಹೋದರೆ ಮುಖ ನೋಡುತ್ತಿರಲಿಲ್ಲ. ಹುಡುಗಿಯ ಕಾಲಿಗೆ ತಾನೇ ತಂಬಿಗೆಯಲ್ಲಿ ನೀರು ಸುರಿದು, ಹಿಮ್ಮಡಿ ಸವರಿ ನೋಡಿ, ಬೆರಳಿಗೆ ಗಂಟು ಸಿಕ್ಕಿದರೆ ಅಲ್ಲೇ ತಾಂಬೂಲ. ಹೊರಗೆ ಅಂಥ ಹೆಣ್ಣು ಸಿಗುವುದು ಅಪರೂಪ. ಅದಕ್ಕೇ ಸೋದರತ್ತೆಯ ಮನೆ, ಸೋದರಮಾವನ ಮನೆ ಎಂದು ಒಳಗೊಳಗೇ ಕೊಟ್ಟು ತಂದರು. ದೋಣಿಯ ಗಳು ಹಾಕುತ್ತಿದ್ದ ನಾನು ಅಂಗಡಿ ಇಟ್ಟಾಗ ಊರೆಲ್ಲ ನನ್ನ ಹಿಮ್ಮಡಿಯನ್ನೇ ಹೊಗಳಿತು. ಬೆನ್ನಿನ ಮೇಲೆ ಹಂಚು ಹೊತ್ತದ್ದನ್ನು ಯಾರೂ ಹೊಗಳಲಿಲ್ಲ.

ಇತ್ತ ನಮ್ಮ ಗಂಡಸರು ಸಾಯುತ್ತಿದ್ದರು. ಗದ್ದೆಯಲ್ಲಿ, ದೋಣಿಯಲ್ಲಿ, ಉಂಡು ಕೈತೊಳೆಯುವಾಗ ಎದೆ ಹಿಡಿದು ಕೂತವರು ಏಳುತ್ತಿರಲಿಲ್ಲ. ಅದಕ್ಕೆ ಜಟಗನ ಪೆಟ್ಟು ಎನ್ನುತ್ತಿದ್ದೆವು. ಊರು ಕಾಯುವ ದೇವರಿಗೆ ಕೋಳಿ ಕೊಟ್ಟು, ತಪ್ಪಾಯಿತೆಂದು ಅಡ್ಡಬಿದ್ದು ಬರುತ್ತಿದ್ದೆವು. ಲಾಭವನ್ನು ಒಂದು ಪುಟದಲ್ಲಿ, ನಷ್ಟವನ್ನು ಇನ್ನೊಂದರಲ್ಲಿ ಬರೆದುಕೊಂಡು, ಎರಡು ಪುಟವನ್ನೂ ಒಟ್ಟಿಗೆ ತೆರೆಯದ ಮನೆತನ ನಮ್ಮದು.

ಅವನ್ನು ಒಟ್ಟಿಗೆ ತೆರೆದವರು ನೀವು, ಅದೂ ನಮ್ಮ ನೆಲದ ಮೇಲೆಯೇ. ಮಹಾಲಯದ ಅಮಾವಾಸ್ಯೆಗೆ ಹೊಳೆ ನಡುವಿನ ನಮ್ಮ ಕುರ್ವೆಯ ಮನೆಯಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ ಎಂದು ಕೇಳಿ, ತಾವೂ ಬರಬಹುದೇ ಎಂದಿರಿ. ನಮ್ಮಲ್ಲಿ ಪ್ರತಿಯೊಬ್ಬ ಹಿರಿಯರಿಗೂ ಒಂದೊಂದು ಎಲೆ. ತಲೆ ನರೆತು ಸತ್ತವರಿಗೆ ನಡುಮನೆಯೊಳಗೆ ಸಾಲು. ಕರಿಗೂದಲಿನಲ್ಲಿ ಹೋದವರ ಎಲೆ ಹೊಸ್ತಿಲಾಚೆ, ಜಗಲಿಯ ಮೇಲೆ. ಅವರ ಆಸೆ ತೀರಿರುವುದಿಲ್ಲ, ಒಳಗೆ ಬಂದರೆ ಯಾರನ್ನಾದರೂ ಕರೆದುಕೊಂಡು ಹೋಗುತ್ತಾರೆಂದು ಭಯ. ಒಳಗಿಗಿಂತ ಜಗಲಿಯಲ್ಲೇ ಗಂಡಸರ ಎಲೆ ಹೆಚ್ಚು. ಹುಟ್ಟಿದಂದಿನಿಂದ ನೋಡಿದ್ದ ನಮಗೆ ಅದು ವಿಚಿತ್ರವೆನಿಸಿರಲಿಲ್ಲ.

ಎಡೆ ಬಡಿಸುತ್ತಿದ್ದವಳು ನನ್ನ ಅಪ್ಪನ ಅಕ್ಕ ಈರಮ್ಮತ್ತೆ. ನೀವು ಅವಳ ಹಿಂದೆಯೇ ಎಲೆಯಿಂದ ಎಲೆಗೆ ಹೋಗುತ್ತ, ಇದು ಯಾರದು, ಯಾರ ಮಗ, ಯಾರ ಗಂಡ ಎಂದು ಕೇಳಿದಿರಿ. ಯಾವ ಕಾಯಿಲೆ ಎಂದು ಒಮ್ಮೆಯೂ ಕೇಳಲಿಲ್ಲ. ಎಲ್ಲ ಆದ ಮೇಲೆ, ಬುಟ್ಟಿಯಲ್ಲಿದ್ದ ಗೊಂಡೆ ಹೂ ತೋರಿಸಿ, ‘ಅತ್ತೆ, ಹೊನ್ನಗಂಟು ಇದ್ದವರ ಎಲೆಯ ಮೇಲೆ ಒಂದೊಂದು ಹೂ ಇಡುತ್ತೀರಾ?’ ಎಂದಿರಿ. ಅತ್ತೆಗೆ ಅದು ಮರ್ಯಾದೆಯ ಕೆಲಸವಾಗಿ ಕಂಡಿತು. ಒಳಗೆ ಕೆಲವು ಹೆಂಗಸರ ಎಲೆಗೆ ಇಟ್ಟಳು, ಗಂಡಸರಲ್ಲಿ ಹೆಚ್ಚಿನವರಿಗೆ ಇಲ್ಲ ಎಂದಳು. ಜಗಲಿಗೆ ಬಂದಳು. ಇಟ್ಟಳು, ಇಟ್ಟಳು, ಮುಂದಿನದಕ್ಕೂ ಇಟ್ಟಳು. ಜಗಲಿಯ ಸಾಲಿನಲ್ಲಿ ಹೂವಿಲ್ಲದೆ ಉಳಿದದ್ದು ನನ್ನ ಸೋದರಮಾವ ತಿಮ್ಮನ ಎಲೆಯೊಂದೇ. ಇವರಿಗೇನಾಗಿತ್ತು ಎಂದು ನೀವು ಮೆತ್ತಗೆ ಕೇಳಿದಿರಿ. ‘ಅವ್ನು ಹೊಳೆಯಲ್ಲಿ ಮುಳುಗಿದ್ದು’ ಎಂದಳು ಅತ್ತೆ.

ಆಮೇಲೆ ಕೊನೆಯ ಎಲೆ, ಮಕ್ಕಳ ಕಿರು ಎಲೆ. ನನ್ನ ಅಣ್ಣ ಗಣಪ ಮತ್ತು ಅತ್ತಿಗೆ ಲಕ್ಕಿಯ ಮಗ ಸಣ್ಣನದು. ಅಣ್ಣನಿಗೂ ಗಂಟು, ಅತ್ತಿಗೆಗೂ ಗಂಟು. ಹುಡುಗನಿಗೆ ಹಾಲುಹಲ್ಲು ಬೀಳುವ ಮುಂಚೆಯೇ ಮೊಣಕೈ, ಮೊಣಕಾಲು, ಬೆರಳ ಸಂದು ಎಲ್ಲ ಹಳದಿ. ನೆಂಟರು ಬಂದಾಗ ಅತ್ತೆ ಅವನ ಅಂಗಿ ತೋಳು ಸರಿಸಿ ತೋರಿಸುತ್ತಿದ್ದಳು. ಹನ್ನೊಂದು ತುಂಬುವುದರೊಳಗೆ, ಹೊಳೆ ದಂಡೆ ಹತ್ತುತ್ತಿದ್ದವನು ಕುಳಿತ. ರಮಾನಂದ ಹೊತ್ತು ತರುವಷ್ಟರಲ್ಲಿ ಮುಗಿದಿತ್ತು. ಅತ್ತೆ ಆ ಎಲೆಯ ಮೇಲೆ ಒಂದು ಹೂ ಇಟ್ಟಳು. ತಡೆದಳು. ಬುಟ್ಟಿಯಿಂದ ಇನ್ನೊಂದು ತೆಗೆದಳು.

‘ಇವ್ನಿಗೆ ಎರಡು, ಬಾಯಿ. ಅಪ್ಪಂದೂ ಬಂದಿತ್ತು, ಅವ್ವಂದೂ ಬಂದಿತ್ತು.’

ಹೇಳಿ ಮುಗಿಸಿ ಸಾಲನ್ನೊಮ್ಮೆ ತಿರುಗಿ ನೋಡಿದಳು. ಕೈಯಲ್ಲಿದ್ದ ಬುಟ್ಟಿ ಕೆಳಗಿಟ್ಟು ಹೊಸ್ತಿಲ ಮೇಲೆ ಕೂತುಬಿಟ್ಟಳು. ಹೊಸ್ತಿಲ ಮೇಲೆ ಕೂರಬಾರದೆಂದು ಜನ್ಮವಿಡೀ ನಮಗೆ ಬೈದವಳು.

ಆ ಹೊತ್ತಿನಲ್ಲಿ ನೀವು ಮಾಡಿದ್ದನ್ನು ನಾನು ಇಲ್ಲಿಯತನಕ ಯಾರಿಗೂ ಹೇಳಿಲ್ಲ. ನಿಮಗೆ ಬೇಕಾಗಿದ್ದದ್ದು ಕಣ್ಣೆದುರು ಹಾಸಿತ್ತು. ಬೇರೆ ಯಾರಾದರೂ ಆಗಿದ್ದರೆ ಪೆನ್ಸಿಲು ತೆಗೆಯುತ್ತಿದ್ದರು. ನೀವು ಅತ್ತೆಯ ಪಕ್ಕ ಅದೇ ಹೊಸ್ತಿಲ ಮೇಲೆ ಕೂತು ಅವಳ ಕೈಯನ್ನು ನಿಮ್ಮ ಮಡಿಲಿಗೆ ಎಳೆದುಕೊಂಡಿರಿ. ಕೊನೆಗೆ ಅತ್ತೆಯೇ, ‘ಏಳಿ ಬಾಯಿ, ಬಂಗಡೆ ಸಾರು ಆರ್‍ತದೆ’ ಎಂದು ನಿಮ್ಮನ್ನು ಎಬ್ಬಿಸಿದಳು. ನೀವು ಉಂಡಿರಿ, ಎರಡನೆಯ ಸಲ ಅನ್ನ ಹಾಕಿಸಿಕೊಂಡಿರಿ. ಇವಳು ನಂಬಬಹುದಾದ ಹೆಂಗಸು ಎಂದು ಕುರ್ವೆಯ ಜನ ತೀರ್ಮಾನಿಸಿದ್ದು ಆ ಎರಡನೆಯ ಅನ್ನಕ್ಕೆ, ನಿಮ್ಮ ಡಿಗ್ರಿಗಲ್ಲ.

ಮರುದಿನ ರಕ್ತ ಕೊಡಲು ಜನ ಸಾಲುಗಟ್ಟಿದ್ದು ಅದರಿಂದಲೇ. ಸೊರಾಬ್ ಸಾಹೇಬರು ಕೈಯಿಂದ ತಿರುಗಿಸುವ ಯಂತ್ರವನ್ನು ನಮ್ಮ ಬೀಸುಕಲ್ಲಿನ ಪಕ್ಕ ಜೋಡಿಸಿ, ರಕ್ತದ ತಿಳಿಯನ್ನು ಬೇರೆ ಮಾಡಿ, ಸ್ಪಿರಿಟ್ಟಿನ ಬಾಟಲಿಗಳಿಗೆ ಹನಿಹನಿಯಾಗಿ ಬಿಟ್ಟರು. ಕೆಲವರ ತಿಳಿ ಎಳನೀರಿನ ಹಾಗೆ, ಕೆಲವರದು ದಟ್ಟ ಹಳದಿ. ಸಾರಾಯಿಯ ರುಚಿ ಬಲ್ಲ ಸುಬ್ಬ ಮೂಗರಳಿಸಿ, ‘ಸಾಹೇಬ್ರ ಪೆಟ್ಟಿಗೆಯಿಂದ ಪರಿಚಯದವರ ವಾಸನೆ ಬತ್ತದೆ, ಅಲ್ದಾ ಒಡೆಯಾ?’ ಎಂದದ್ದಕ್ಕೆ ಸಾಹೇಬರು ನಕ್ಕರು. ಆದರೆ ಅವತ್ತು ಪೆಟ್ಟಿಗೆಯನ್ನು ತಲೆದಿಂಬು ಮಾಡಿಕೊಂಡೇ ಮಲಗಿದರು. ನಮ್ಮ ರಕ್ತವನ್ನು ಅಷ್ಟು ಜೋಪಾನ ಮಾಡಿದವರನ್ನು ನಾನು ನೋಡಿರಲಿಲ್ಲ. ನಾವೇ ಮಾಡಿರಲಿಲ್ಲ.

ಮರುವರ್ಷ ಮಳೆಗಾಲ ಕೂಡುವ ಮೊದಲು ನೀವು ಮತ್ತೆ ಬಂದಿರಿ. ಒಂದು ಕಾಗದದಲ್ಲಿ ಬರೆದು ಕೈತೊಳೆದುಕೊಳ್ಳಬಹುದಿತ್ತು. ಬಂದು ಎದುರು ಕೂತು ಹೇಳಿದಿರಿ. ರಕ್ತದಲ್ಲಿ ಕೊಲೆಸ್ಟರಾಲ್ ಎಂಬ ಜಿಡ್ಡು ಇದೆ, ಎಲ್ಲರಿಗೂ ಇರುತ್ತದೆ, ನನಗೆ, ಬಂಗಾರಿಗೆ, ರಮಾನಂದನಿಗೆ ಇರಬೇಕಾದದ್ದಕ್ಕಿಂತ ಬಹಳ ಹೆಚ್ಚು ಇದೆ. ಹಿಮ್ಮಡಿಯಲ್ಲಿ ಗಂಟಾಗಿ ಕಾಣುವುದೇ ಎದೆಯ ನಾಳದೊಳಗೂ ಕಟ್ಟಿಕೊಳ್ಳುತ್ತಿರಬೇಕು. ಅದು ದೇವರ ಪೆಟ್ಟಲ್ಲ, ನಮ್ಮ ತಪ್ಪೂ ಅಲ್ಲ, ವಂಶದಲ್ಲಿ ಬಂದದ್ದು. ಬಂಗಾರಿಯನ್ನು ಹೊರಗೆ ಕಳಿಸಲು ನಾನು ಕಣ್ಸನ್ನೆ ಮಾಡಿದೆ. ‘ರಕ್ತ ಅವಳದ್ದು. ಅವಳಿಗೇ ಹೇಳಬೇಕು’ ಎಂದು ಅವಳನ್ನು ನಿಮ್ಮ ಪಕ್ಕ ಕೂರಿಸಿಕೊಂಡಿರಿ. ಎಡೆ ಇಟ್ಟ ಎಲೆಗಳನ್ನೇ ನೆನಪಿಸಿ ತಿಳಿಸಿದಿರಿ: ಪ್ರತಿಯೊಬ್ಬರ ಬಳಿ ಎರಡು ಎಲೆ, ಅಪ್ಪ ಕೊಟ್ಟದ್ದೊಂದು, ಅವ್ವ ಕೊಟ್ಟದ್ದೊಂದು. ಮಗುವಿಗೆ ಅದರಲ್ಲಿ ಒಂದನ್ನು ಮಾತ್ರ ಕೊಡುತ್ತೇವೆ. ಯಾವುದು ಹೋಯಿತೆಂದು ಕೊಟ್ಟವರಿಗೂ ತಿಳಿಯುವುದಿಲ್ಲ. ಬಂಗಾರಿಯ ಮಕ್ಕಳಿಗೆ ಹೂವಿನ ಎಲೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ, ಅರ್ಧಕ್ಕರ್ಧ. ಆದರೆ ಗಂಡನ ಕೈಯಲ್ಲೂ ಅಂಥದೇ ಎಲೆ ಇದ್ದರೆ, ಎರಡೂ ಹೂವಿನ ಎಲೆ ಒಂದೇ ಮಗುವಿಗೆ ಬೀಳಬಹುದು.

ಸಣ್ಣನ ಹೆಸರನ್ನು ನೀವು ಹೇಳಲಿಲ್ಲ. ಬಂಗಾರಿಯೇ ಹೇಳಿದಳು.

‘ಇದು ನನ್ನ ಊಹೆ. ಒಂದು ಮಗುವಿನಿಂದ ಸಾಬೀತಾಗುವುದಿಲ್ಲ. ನನ್ನ ಊಹೆ ತಪ್ಪೂ ಇರಬಹುದು’ ಎಂದಿರಿ. ನಾನು ವ್ಯಾಪಾರಿ, ಹಾಗಾದರೆ ಇದಕ್ಕೆ ಔಷಧ ಎಂತದು ಎಂದೆ. ‘ಇಲ್ಲ ದುರ್ಗಪ್ಪನವರೇ. ತುಪ್ಪ, ತತ್ತಿ ಕಡಿಮೆ ಮಾಡಿ ನೋಡಿ. ಎಷ್ಟು ಪ್ರಯೋಜನವೋ ನನಗೂ ಗೊತ್ತಿಲ್ಲ.’ ಅಷ್ಟು ದೂರದಿಂದ ಬಂದು, ಅಂಗಡಿ ಬಾಗಿಲು ತೆರೆದು, ಒಳಗೆ ಮಾಲು ಇಲ್ಲ ಎಂದು ಹೇಳುವವರನ್ನು ನಾನು ಅದೇ ಮೊದಲು ಕಂಡದ್ದು. ತಾಯತ ಮಾರುವವನು, ಬೇರು ಮಾರುವವನು, ಕೋಳಿ ಕೇಳುವವನು, ಎಲ್ಲರ ಬಳಿಯೂ ನಮ್ಮ ಕಷ್ಟಕ್ಕೆ ಸರಿಹೋಗುವ ಸರಕಿತ್ತು. ನಿಮ್ಮ ಬಳಿ ಸತ್ಯವೊಂದೇ ಇತ್ತು. ಅದನ್ನೂ ಅಳೆದು, ತಪ್ಪಿರಬಹುದು ಎಂದು ಚೀಟಿ ಅಂಟಿಸಿ ಕೊಟ್ಟಿರಿ. ನಾನು ನಿಮ್ಮನ್ನು ನಂಬಿದ್ದು ಆ ಚೀಟಿಯಿಂದ.

ಮದುವೆಯ ವಿಷಯದಲ್ಲಿ ಏನು ಮಾಡಲಿ ಎಂದದ್ದಕ್ಕೆ ಮಾತ್ರ ನೀವು ಉತ್ತರ ಕೊಡದೆ ಲಾಂಚು ಹತ್ತಿದಿರಿ. ಆವಾಗ ಸಿಟ್ಟು ಬಂದಿತ್ತು. ಈಗ ಇಲ್ಲ.

ಇನ್ನು ಆಮೇಲಿನದು. ತಂಗಿ ಮಾದೇವಿ ಸುದ್ದಿ ಕೇಳಿ ಮುರ್ಡೇಶ್ವರದಿಂದ ಬಂದಳು, ಕುರ್ವೆಯಲ್ಲಿದ್ದ ಮಗನನ್ನೂ ಕರೆದುಕೊಂಡು. ಬಂಗಾರಿ ತೊಟ್ಟಿಲಲ್ಲಿದ್ದಾಗಲೇ ಅವಳನ್ನು ಸೊಸೆ ಎಂದು ಕರೆದವಳು ಅವಳು. ಅಂಗಳದಲ್ಲೇ ನಿಂತು, ‘ಅಣ್ಣಾ, ಮಗಳಿಗೆ ಪೇಟೆ ಗಂಡು ಬೇಕಾದ್ರೆ ನೆಟ್ಟಗೆ ಹೇಳು. ನನ್ನ ಮಗನ ಹಿಮ್ಮಡಿ ಎಂತಕ್ಕೆ ಎಳೀತೆ? ನಮ್ಮ ಅವ್ವ ನಿನ್ನ ಹಿಮ್ಮಡಿ ಕಣ್ಣಿಗೊತ್ತಿಕೊಳ್ತಿದ್ಲು, ಮರ್‍ತೋಯ್ತಾ?’ ಎಂದಳು. ನೀವು ಹೇಳಿದ ಎರಡೆಲೆಯ ಲೆಕ್ಕವನ್ನು ಹೇಳಲು ಹೋದೆ. ನಿಮ್ಮ ಬಾಯಿಯಲ್ಲಿ ತಿಳಿಯಾಗಿದ್ದದ್ದು ನನ್ನ ಬಾಯಿಯಲ್ಲಿ ಗೋಜಲಾಯಿತು. ಹಂಚು ಮಾರಿದ ನಾಲಿಗೆ ಅಲ್ಲಿ ಕೆಲಸಕ್ಕೆ ಬರಲಿಲ್ಲ.

ರಮಾನಂದ ಕಂಬಕ್ಕೆ ಒರಗಿ ಕೇಳುತ್ತಿದ್ದ. ಕಟ್ಟುಮಸ್ತಾದ ಹುಡುಗ, ಶರಾವತಿಯಲ್ಲಿ ದೋಣಿ ಬಿಡುವವನು. ಬಂಗಾರಿಯ ಮೇಲೆ ಅವನಿಗೆ ಮನಸ್ಸಿತ್ತು. ಮಾವನಾದ ನನಗೆ ತಿಳಿಯದ ವಿಷಯವಲ್ಲ.

‘ಅವ್ವಾ, ಸಣ್ಣನ್ನ ದಂಡೆಯಿಂದ ಹೊತ್ತು ತಂದದ್ದು ನಾನು’ ಎಂದ. ‘ಇನ್ನೊಂದು ಸಲ ಹೊರೂಕೆ ನನ್ನಿಂದ ಆಗೂದಿಲ್ಲ.’

ಬಾಗಿಲ ಹಿಂದಿನಿಂದ ಬಂಗಾರಿ ‘ಆತು’ ಎಂದಳು, ಅಷ್ಟೇ. ಆಮೇಲೆ ಬಾವಿಕಟ್ಟೆಯಲ್ಲಿ ಕೂತು, ತೊಳೆದಿಟ್ಟಿದ್ದ ಹಂಡೆಯನ್ನೇ ಮತ್ತೆ ತಿಕ್ಕಿದಳು. ನಾನು ಆ ಕಡೆ ಹೋಗಲಿಲ್ಲ.

ತಂಗಿ ಒಂದು ವರ್ಷ ನನ್ನ ಮನೆಯ ನೀರು ಮುಟ್ಟಲಿಲ್ಲ. ನಾನು ಗಂಡು ಹುಡುಕಲು ಹೊರಟೆ. ಮುಚ್ಚಿಟ್ಟು ಮಾಡು ಎಂದು ಹಿತವರೆಲ್ಲ ಹೇಳಿದರು. ಹಂಚು ಮಾರುವವನು ಬಿರುಕಿನ ಹಂಚನ್ನು ಬಡಿದು ತೋರಿಸಿಯೇ ಮಾರಬೇಕು. ಇಲ್ಲವಾದರೆ ಜೂನಿನಲ್ಲಿ ಗಿರಾಕಿ ನೆನೆದುಕೊಂಡೇ ಅಂಗಡಿಗೆ ಬರುತ್ತಾನೆ. ಮಗಳನ್ನು ಹಂಚಿಗೆ ಹೋಲಿಸಿದ್ದಕ್ಕೆ ನೀವು ಬೈಯಬಹುದು, ಬಂಗಾರಿ ಆಗಲೇ ಬೈದಿದ್ದಾಳೆ. ಭಟ್ಕಳದ ಕಡೆಯವರು ಪೂರ್ತಿ ಕೇಳಿ, ಪಾನಕ ಕುಡಿದು, ಒಳ್ಳೆಯ ಪಾನಕ ಎಂದು ಹೊರಟರು. ಇನ್ನೊಬ್ಬರು ಜಟಗನಿಗೆ ದೊಡ್ಡ ಹರಕೆ ಹೇಳಿಕೊಳ್ಳಿ ಎಂದರು.

ಕೊನೆಗೆ ನಿಮ್ಮ ಕುಮಟೆಯಿಂದಲೇ ಬಂದ ಮಾಬ್ಲೇಶ್ವರ, ಸರ್ವಿಸ್ ಮೋಟಾರಿನ ಏಜೆಂಟ. ಅವನ ತಾಯಿ ಬಂಗಾರಿಯನ್ನು ನೋಡುವ ಮೊದಲೇ ನಮ್ಮ ಈರಮ್ಮತ್ತೆ ಮುಂದೆ ಬಂದು, ನಿಮ್ಮ ಮನೆ ಹಿರಿಯರೆಲ್ಲ ಹೇಗೆ ಹೋದದ್ದು, ತಲೆ ನರೆತಿತ್ತೋ ಇಲ್ಲವೋ ಎಂದು ಒಬ್ಬೊಬ್ಬರನ್ನೇ ಹಿಡಿದು ಕೇಳಿದಳು. ನೀವು ಅತ್ತೆಯನ್ನು ಕೇಳಿದ ಕ್ರಮದಲ್ಲೇ ಬಾಯಿ, ಒಂದು ಪ್ರಶ್ನೆ ಹೆಚ್ಚುಕಡಿಮೆ ಇಲ್ಲ. ಅವರಲ್ಲಿ ಎಲ್ಲರೂ ಹಲ್ಲು ಬಿದ್ದು ಸತ್ತವರು. ನಾನು ನಮ್ಮ ಕಡೆಯದನ್ನು ಬಿಚ್ಚಿಟ್ಟೆ. ಹುಡುಗ ಎಲ್ಲ ಕೇಳಿ, ‘ಹಾಗಾದ್ರೆ ಮಕ್ಕಳಿಗೆ?’ ಎಂದ. ಒಳಗಿನಿಂದ ಬಂಗಾರಿ, ನೀವು ಕಲಿಸಿದ ಧೈರ್ಯದಿಂದಲೇ ಇರಬೇಕು, ‘ಅರ್ಧಕ್ಕರ್ಧ’ ಎಂದಳು.

‘ನಮ್ಮ ಮೋಟಾರು ಹೊನ್ನಾವರ ಮುಟ್ಟೂದೂ ಅಷ್ಟೇ’ ಎಂದ ಅವನು. ‘ಆದ್ರೂ ಜನ ಟಿಕೇಟು ತಕೊಳ್ತಾರೆ.’

ಬಂಗಾರಿ ನಕ್ಕದ್ದು ಬಾಗಿಲಾಚೆಗೂ ಕೇಳಿಸಿತು. ಬಾವಿಕಟ್ಟೆಯ ದಿನದಿಂದ ನಾನು ಕಾಯುತ್ತಿದ್ದದ್ದು ಅದಕ್ಕೇ.

ಮದುವೆ ಹೋದ ವಾರ ಆಯಿತು. ನಿಮಗೆ ಕರೆಯೋಲೆ ಹಾಕಲಿಲ್ಲ. ನೀವು ಎದುರಿಗೆ ನಿಂತಿದ್ದರೆ ನಾನು ಶಾಸ್ತ್ರ ಬಿಟ್ಟು ನಿಮ್ಮ ಮುಖವನ್ನೇ ನೋಡುತ್ತಿದ್ದೆ. ಹೆಣ್ಣಿನ ಅಪ್ಪ ಅಳಿಯನ ಪಾದ ತೊಳೆಯಬೇಕಲ್ಲ, ಆಗ ನೀರು ಸುರಿಯಲು ಯಾರು ಎಂದು ಪುರೋಹಿತರು ಕೇಳಿದರು. ಜನರ ನಡುವಿನಿಂದ ರಮಾನಂದ ಬಂದು ತಂಬಿಗೆ ಹಿಡಿದ. ಯಾರೂ ಕರೆದಿರಲಿಲ್ಲ. ಅವನ ಹಿಂದೆ ಕಂಬದ ಬಳಿ ಮಾದೇವಿ ನಿಂತಿದ್ದಳು, ಬಂದದ್ದೂ ನನಗೆ ತಿಳಿದಿರಲಿಲ್ಲ. ಆ ಹುಡುಗ ನೀರು ಬಿಟ್ಟ, ಧಾರೆ ಅಲುಗಲಿಲ್ಲ. ನಾನು ಅಳಿಯನ ಪಾದ ತೊಳೆದೆ. ತೊಳೆಯುತ್ತ ತೊಳೆಯುತ್ತ ನನ್ನ ಹೆಬ್ಬೆರಳು ತಾನೇ ತಾನಾಗಿ ಹಿಮ್ಮಡಿಯ ಮೇಲಕ್ಕೆ, ನೀವು ನನ್ನ ಕಾಲಿನಲ್ಲಿ ಮುಟ್ಟಿ ತೋರಿಸಿದ ಆ ಜಾಗಕ್ಕೆ ಹೋಗಿ ನಿಂತಿತು. ನಯವಾಗಿತ್ತು. ಇನ್ನೊಂದು ಕಾಲನ್ನೂ ನೋಡಿದೆ. ಮಂತ್ರ ಮುಗಿದಿತ್ತು, ನನ್ನ ಕೈ ಎದ್ದಿರಲಿಲ್ಲ.

ಅಳಿಯ ಬಗ್ಗಿ, ‘ಮಾವ, ಇನ್ನೂ ನಂಬಿಕೆ ಬರ್ಲಿಲ್ವಾ?’ ಎಂದ.

ಮೊದಲು ನಕ್ಕವನು ರಮಾನಂದ. ತಂಬಿಗೆಯ ನೀರು ನನ್ನ ತೋಳಿನ ಮೇಲೆ ಚೆಲ್ಲಿತು. ಆಮೇಲೆ ಮಾದೇವಿ ನಕ್ಕಳು, ನಕ್ಕು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಜ್ಜಿಯ ಕಾಲದಿಂದ ಗಂಟು ಹುಡುಕಿಕೊಂಡು ಬಂದ ಮನೆ ನಮ್ಮದು. ಅದು ಇಲ್ಲವೆಂದು ಆ ಮನೆಯವನೊಬ್ಬ ಮಂಟಪದಲ್ಲಿ ಕಣ್ಣು ತುಂಬಿಕೊಂಡದ್ದು ಅದೇ ಮೊದಲಿರಬೇಕು.

ಈಗ ಕ್ಷೇಮ ಸಮಾಚಾರ. ಬಂಗಾರಿ ಕುಮಟೆಯಲ್ಲಿದ್ದಾಳೆ, ತುಪ್ಪ ಕಡಿಮೆ, ಮಾತು ಹೆಚ್ಚು. ರಮಾನಂದ ದೋಣಿ ಬಿಡುತ್ತಾನೆ, ದಂಡೆ ಏರುವಾಗ ಎದೆ ಬಿಗಿಯುತ್ತದೆ ಎಂದು ಒಮ್ಮೆ ಹೇಳಿದ. ಅದನ್ನು ನಿಮಗೆ ಬರೆಯಲೇಬೇಕು ಎಂದು ಈ ಸಾಲು. ಅವನಿಗೂ ಹೆಣ್ಣು ನೋಡುತ್ತಿದ್ದಾರೆ. ಮಾದೇವಿಯೇ ತಂಬಿಗೆ ಹಿಡಿದು ಹೋಗುತ್ತಾಳೆ, ಹಿಮ್ಮಡಿ ನಯವಿದ್ದರೆ ಮಾತ್ರ ಮುಂದಿನ ಮಾತು. ಹಳೆಯ ಶಾಸ್ತ್ರವನ್ನು ನೀವು ಬಿಡಿ ಎನ್ನಲಿಲ್ಲ, ನಮ್ಮವರೇ ತಿರುಗಿಸಿ ಇಟ್ಟುಕೊಂಡರು. ಈರಮ್ಮತ್ತೆ ಕಳೆದ ಮಹಾಲಯಕ್ಕೆ ಸಣ್ಣನ ಎಲೆಯನ್ನು ಜಗಲಿಯಿಂದ ಎತ್ತಿ ತಂದು ಒಳಗೆ, ತನ್ನ ಗಂಡನ ಎಲೆಯ ಪಕ್ಕ ಇಟ್ಟಳು. ಅವನು ಯಾರನ್ನೂ ಕರೆದುಕೊಂಡು ಹೋಗುವುದಿಲ್ಲ ಎಂದಳು. ಉಳಿದವರನ್ನೂ ನಿಧಾನವಾಗಿ ಒಳಗೆ ಕರೆಯುತ್ತಾಳಂತೆ. ನನ್ನ ಎದೆ ದಕ್ಕೆಯ ಮೆಟ್ಟಿಲಿನಲ್ಲಿ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ಕಿವಿಯ ಮೇಲೆ ನಾಲ್ಕು ಬಿಳಿ ಕೂದಲು ಬಂದಿವೆ. ಕನ್ನಡಿಯಲ್ಲಿ ಅದನ್ನು ನೋಡಿ ಇಷ್ಟು ಸಂತೋಷಪಡುವ ಗಂಡಸು ಹೊನ್ನಾವರದಲ್ಲಿ ಇನ್ನೊಬ್ಬನಿಲ್ಲ.

ನಿಮ್ಮ ಬಳಿ ಇನ್ನೂ ಔಷಧ ಇಲ್ಲವೆಂದು ಬಲ್ಲೆ. ಸೊರಾಬ್ ಸಾಹೇಬರೂ ನೀವೂ ಹುಡುಕುವುದನ್ನು ಬಿಟ್ಟಿಲ್ಲವೆಂದೂ ಬಲ್ಲೆ. ಅದು ಸಿಕ್ಕ ದಿನ ನಾನು ಇರಲಿಕ್ಕಿಲ್ಲ. ನಿಮ್ಮ ಬಾಟಲಿಯಲ್ಲಿ ನನ್ನ ರಕ್ತವೂ ಇತ್ತು ಎಂಬುದು ಆಗ ಬಂಗಾರಿಯ ಮಕ್ಕಳಿಗೆ ಗೊತ್ತಿದ್ದರೆ ಸಾಕು. ಈ ಮಹಾಲಯಕ್ಕೆ ಇಬ್ಬರೂ ಬನ್ನಿ, ಬಂಗಡೆ ಸಾರು ಇರುತ್ತದೆ. ನಿಮಗೆ ಎಲೆ ಹಾಕುವುದು ಉಣ್ಣುವವರ ಸಾಲಿನಲ್ಲಿ, ಗಾಬರಿ ಬೇಡ.

ನೀವು ಓದಿದವರು, ನಾನು ವಯಸ್ಸಿನಲ್ಲಿ ಹಿರಿಯ. ಅಷ್ಟು ಅಧಿಕಾರದಿಂದ ಹರಸುತ್ತೇನೆ. ಮದುಮಕ್ಕಳಿಗೆ ಈರಮ್ಮತ್ತೆ ಅಕ್ಷತೆ ಹಾಕಿ ಹೇಳಿದ ಮಾತೇ ಇದು: ನಿಮ್ಮ ತಲೆ ನರೆಯಲಿ. ನಮ್ಮ ಮನೆಯಲ್ಲಿ ಇದಕ್ಕಿಂತ ದೊಡ್ಡ ಹಾರೈಕೆ ಇಲ್ಲ.

ನಿಮ್ಮ ಋಣದಲ್ಲಿರುವ,
ಮಾವಿನಕುರ್ವೆ ದುರ್ಗಪ್ಪ